ಎಡಗಡೆಯ ಆರು ಕೊಂಡಿಗಳು

ಪ್ರೀತಿಯ ಭಾವನಿಗೆ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡಬೇಕೆಂದಿದ್ದೆ. ಆದರೆ ಇಲ್ಲಿರುವವನು ನಾನೊಬ್ಬನೇ, ನನ್ನ ಕ್ಷೇಮ ಕಟ್ಟಿಕೊಂಡು ನಿಮಗೇನಾಗಬೇಕು. ಅದಕ್ಕೇ ಕೆಲಸದ ಮಾತು ಮೊದಲು. ಈ ಕಾಗದ ಕೈಗೆ ಸಿಕ್ಕಾಗ ದೋಣಿ ಇನ್ನೂ ದಡದಲ್ಲೇ ಇದ್ದರೆ ದಯವಿಟ್ಟು ಹಗ್ಗ ಬಿಚ್ಚಬೇಡಿ. ಹಿಟ್ಟು ನಾದುವ ಮಶೀನನ್ನು ಜನ ಹಿಡಿದು ಕೆಳಗಿಳಿಸಿ. ಜನ ಸಿಗದಿದ್ದರೆ ಅದು ಅಲ್ಲೇ ಬಿದ್ದಿರಲಿ, ನೀವೂ ಅಕ್ಕನೂ ಇಳಿದು ದಡದಲ್ಲಿರಿ. ಸಾಮಾನು ಕಟ್ಟಲೆಂದು ದೋಣಿಯ ಒಳಗೆ ಎಡಗಡೆ ನಾನು ಕೂರಿಸಿದ ಆರು ಕೊಂಡಿಗಳೂ ಸುಳ್ಳು. ನೋಡುವುದಕ್ಕೆ ಕೊಂಡಿ, ಅಷ್ಟೇ.

ಓದುವಾಗ ನಿಮ್ಮ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಕನ್ನಡಕವನ್ನು ಹಣೆಗೇರಿಸಿ, "ಏನಂತೆ ನಮ್ಮ ಬೆಂಚಿಗೆ, ನೀನೇ ಓದು" ಎಂದು ಅಕ್ಕನ ಕೈಗೆ ಕೊಡಲು ಹೋಗುತ್ತೀರಿ. ಶಾಲೆಗಳಿಗೆ ಬೆಂಚು ಮಾಡಿಕೊಡುವ ಬಡಗಿಗೆ ಬೆಂಚು ಎಂದೇ ಹೆಸರಿಟ್ಟವರು ನೀವು. ಊರೆಲ್ಲ ಹಾಗೇ ಕರೆಯುವಂತಾಯಿತು, ನಾನೂ ತಿರುಗಿ ನೋಡುವುದನ್ನು ಕಲಿತೆ. ಇದೊಂದು ಸಲ ಅಕ್ಕನ ಕೈಗೆ ಕೊಡಬೇಡಿ. ನೀವೇ ಓದಿ, ಆಮೇಲೆ ಅವಳಿಗೆ ಏನು ಹೇಳಬೇಕೋ ನೀವೇ ಯೋಚಿಸಿ ಹೇಳಿ.

ದೋಣಿ ಕಟ್ಟಿದ ಶೆಡ್ಡಿನಲ್ಲೇ ಕೂತು ಬರೆಯುತ್ತಿದ್ದೇನೆ. ಮೂರು ದಿನದಿಂದ ಹಿಡಿದ ಗಾಳಿ ಇವತ್ತೂ ಬಿಟ್ಟಿಲ್ಲ. ಹಿಂಬಾಗಿಲಿನ ತಗಡು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಕಾಗದ ಹಾರದಿರಲೆಂದು ಮೇಲೊಂದು ಮರದ ತುಂಡು ಇಟ್ಟಿದ್ದೇನೆ, ಅದೇನು ತುಂಡು ಎಂದು ಮುಂದೆ ಹೇಳುತ್ತೇನೆ. ಮೊದಲ ದಿನ ಆ ತಗಡಿನ ಸದ್ದಿಗೆ ತಲೆ ಚಿಟ್ಟು ಹಿಡಿದು ಮೊಳೆ ಹೊಡೆಯಲು ಹೊರಟಿದ್ದೆ. ನಿನ್ನೆ ನೀವಿರುವ ಆಚೆ ದಡದಿಂದ ಬಂದ ಲಾಂಚಿನವನು ಸಿಕ್ಕಿ, "ಮಶೀನು ಹತ್ತಿಸಿ ಕಟ್ಟಿಬಿಟ್ಟಿದ್ದಾರೆ ಕಣಯ್ಯ, ಗಾಳಿ ನಿಂತ ಕೂಡಲೇ ಹೊರಡ್ತಾರಂತೆ. ನಿಮ್ಮಕ್ಕ ಮುಂದಿನ ಹಲಗೆ ಮೇಲೆ ದಿಂಬು ಬೇರೆ ಇಟ್ಕೊಂಡಿದ್ದಾರೆ" ಎಂದ. ಆಗಿನಿಂದ ಮೊಳೆ ಮುಟ್ಟಿಲ್ಲ. ಆ ತಗಡು ಬಡಿದುಕೊಳ್ಳುತ್ತಿರುವಷ್ಟು ಹೊತ್ತು ನೀವು ದಡ ಬಿಡುವುದಿಲ್ಲ.

ಬೆಳಿಗ್ಗೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ. ಆಚೆ ದಡದಲ್ಲಿ ಸಿಗ್ನಲ್ ಇಲ್ಲವೆಂದು ಗೊತ್ತಿದ್ದೇ ಮಾಡಿದೆ. ಈ ದಡದಿಂದ ಆ ದಡಕ್ಕೆ ದಿನಕ್ಕೊಂದೇ ಲಾಂಚು, ನಾಲ್ಕು ಗಂಟೆಗೆ ಬಿಡುತ್ತದೆ, ನಿಮ್ಮ ಹತ್ತಿರ ಮುಟ್ಟುವಷ್ಟರಲ್ಲಿ ಆರು. ಅದರಲ್ಲಿ ನಾನೇ ಬರಬಹುದಲ್ಲ ಎಂದು ಕೇಳುತ್ತೀರಿ. ಬರಬಹುದು. ನಿಮಗೆ ಮುಖ ತೋರಿಸಲು ಧೈರ್ಯ ಸಾಲದೆ ಕಾಗದ ಹಿಡಿದು ಕೂತಿದ್ದೇನೆ. ಲಾಂಚಿನವನ ಕೈಗೆ ಕೊಟ್ಟರೆ ಅವನು ನಿಮ್ಮ ಕೈಗೆ ಕೊಡುತ್ತಾನೆ.

ನೀವು ದೋಣಿ ಕಟ್ಟುತ್ತೇನೆಂದು ಹೇಳಿದ ದಿನ ನಗದವರು ಯಾರಿದ್ದರು ಭಾವ. ಬೇಕರಿಯವನ ದೋಣಿ, ನೀರಿಗೆ ಬಿಟ್ಟರೆ ರಸ್ಕಿನ ಹಾಗೆ ನೆನೆದುಹೋಗುತ್ತೆ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಆಚೆ ದಡದ ಜನವೆಲ್ಲ ಈಚೆಗೆ ಬಂದು ನೆಲೆಸಿ ಅಲ್ಲಿ ಬ್ರೆಡ್ಡು ಕೇಳುವವರಿಲ್ಲದಾಗ, ಬೇಕರಿಯನ್ನೇ ಈಚೆಗೆ ಸಾಗಿಸುತ್ತೇನೆ ಎಂದು ಹಟ ಹಿಡಿದಿರಿ. ಟ್ರೇ, ರ್‍ಯಾಕು, ಮೇಜು ಎಲ್ಲ ಸರಿ, ಮುನ್ನೂರು ಕಿಲೋ ಕಬ್ಬಿಣದ ಮಶೀನಿನ ಮಾತೆತ್ತಿದಾಗ ಲಾಂಚಿನವನು ದೂರದಿಂದಲೇ ಕೈಮುಗಿದ. ಹಾಗೆ ಶುರುವಾಯಿತು ನಮ್ಮ ಹದಿನೆಂಟಡಿಯ ದೋಣಿ. ಎರಡು ವರ್ಷ, ಬೇಕರಿಗೆ ರಜ ಇದ್ದ ದಿನಗಳಲ್ಲೆಲ್ಲ. ಎರಡು ಡಬ್ಬಿ ಬೆರೆಸುವ ಅಂಟನ್ನು ನೀವು ಮೈದಾ ಹಿಟ್ಟಿನ ಹಾಗೆ ನಾದುತ್ತ ಕೂತು, ಅದು ಡಬ್ಬಿಯಲ್ಲೇ ಬಿಸಿಯೇರಿ ಹೊಗೆಯಾಡಿ, ಕಲಕುವ ಕಡ್ಡಿ ಅದರಲ್ಲೇ ಕಲ್ಲಾಗಿ ನಿಂತಿತಲ್ಲ. ಆ ಡಬ್ಬಿ ಇನ್ನೂ ಇಲ್ಲೇ ಕಿಟಕಿಯ ಮೇಲಿದೆ. ಬಿಸಾಡಲು ನನಗೆ ಮನಸ್ಸಾಗಲಿಲ್ಲ.

ನಿಮ್ಮ ಬೇಕರಿಯಲ್ಲಿ ಒಂದು ಕಟ್ಟಳೆ ಇತ್ತು. ಒಲೆಯಿಂದ ಬಂದ ಮೊದಲ ಬ್ರೆಡ್ಡನ್ನು ಹಿಟ್ಟು ನಾದಿದವನೇ ತಿನ್ನಬೇಕು, ಬೆಂದಿರಲಿ ಸೀದಿರಲಿ. ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ ನಿಮ್ಮ ಬಳಿ ಮೂರು ತಿಂಗಳು ಕೆಲಸಕ್ಕೆ ನಿಂತಾಗ ಸಕ್ಕರೆ ಬದಲು ಉಪ್ಪು ಸುರಿದಿದ್ದೆ. ನೀವು ಬೈಯಲಿಲ್ಲ. ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ನಾನು ಆ ಬ್ರೆಡ್ಡು ಪೂರ್ತಿ ತಿನ್ನುವ ತನಕ ಲೋಟ ಲೋಟ ನೀರು ಕೊಡುತ್ತ ಹೋದಿರಿ. "ನಾಳೆ ಮರೆಯಲ್ಲ ನೋಡು" ಅಂದಿರಿ. ಮಾರನೇ ದಿನ ಮರೆಯಲಿಲ್ಲ, ಆದರೆ ಹಿಟ್ಟಿನ ಕೆಲಸ ನನಗೊಗ್ಗುವುದಿಲ್ಲವೆಂದು ಗೊತ್ತಾಗಿ ಮರದ ಕಡೆ ಬಂದೆ. ಆ ಕಟ್ಟಳೆಯನ್ನು ನೀವು ದೋಣಿಗೂ ತಂದಿರಿ. ಹಲಗೆಗಳ ಯಾವ ಸಂದನ್ನು ಯಾರು ಅಂಟಿಸಿದರೋ ಮೊದಲ ಸಲ ನೀರಿಗಿಳಿದಾಗ ಅವರು ಅದರ ಪಕ್ಕದಲ್ಲೇ ಕೂರಬೇಕು, ಕೈಯಲ್ಲಿ ಬಟ್ಟೆ ಹಿಡಿದು. ನೀವು ನಿಮ್ಮ ಹಿಂದಿನ ಮೂಲೆಯಲ್ಲಿ ಕೂತಿರಿ, ನಾನು ನಡುವಿನಲ್ಲಿ. ಒಂದು ಹನಿ ಒಳಗೆ ಬರಲಿಲ್ಲ. ಅಂದು ನೀವು ನನ್ನ ಬೆನ್ನಿಗೆ ಹೊಡೆದ ಏಟು ಎರಡು ದಿನ ನೋಯುತ್ತಿತ್ತು, ನನಗೆ ಅದೇ ಸಂತೋಷ.

ಮೊದಲ ಎರಡು ಸಲ ಸಾಮಾನು ತಂದಾಗ ನಾವು ಏನನ್ನೂ ಕಟ್ಟಿರಲಿಲ್ಲ. ಗುಡ್ಡಗಳೆರಡು ಹತ್ತಿರ ಬಂದು ನೀರು ಕಿರಿದಾಗುವ ಆ ಕಂಡಿಯಲ್ಲಿ ದೋಣಿಯ ಮೂಗು ಕೆಳಗಾದಾಗ ಖಾಲಿ ರ್‍ಯಾಕೊಂದು ಸರ್ರನೆ ಮುಂದಕ್ಕೆ ಬಂದು ಅಕ್ಕನ ಕಣಕಾಲಿಗೆ ಬಡಿಯಿತು. ಖಾಲಿ ರ್‍ಯಾಕು, ಹೆಚ್ಚೆಂದರೆ ಹನ್ನೆರಡು ಕಿಲೋ. ವಾರವೆಲ್ಲ ಅವಳು ಕುಂಟಿದಳು. ಮಶೀನು ತರುವ ಮೊದಲು ಹಗ್ಗ ಕಟ್ಟಲು ದೋಣಿಯ ಒಳಗೆ ಜಾಗ ಆಗಲೇಬೇಕು ಎಂದು ಅವತ್ತೇ ತೀರ್ಮಾನವಾಯಿತು.

ನಾನು ಕೇಳಿದ್ದು ಇಷ್ಟೇ. ದೋಣಿಯ ಪಕ್ಕೆಗಳನ್ನು ಹಾಯ್ದು ಒಳಗಿನಿಂದ ಹೊರಗೆ ಬೋಲ್ಟ್ ದಾಟಿಸೋಣ, ಅಗಲ ವಾಷರ್ ಕೊಟ್ಟು ನಟ್ಟು ಬಿಗಿಯೋಣ. ನೀವು ಮೈಮೇಲೆ ಬಿಸಿನೀರು ಬಿದ್ದವರಂತೆ ಎದ್ದಿರಿ. "ತೇಲೋ ವಸ್ತುಗೆ ತೂತು ಕೊರೀತೀನಿ ಅಂತೀಯಲ್ಲಯ್ಯ. ಒಂದು ತೂತೂ ಬೇಡ. ಅಂಟಿನಲ್ಲಿ ಏನಾಗುತ್ತೋ ಅದನ್ನ ಮಾಡು." ಆಗಲಿ ಎಂದೆ. ಅಂಟಿನಲ್ಲೂ ಆಗುತ್ತದೆ, ಸುಳ್ಳು ಹೇಳಬಾರದು. ಅಂಗೈಯಗಲದ ಗಟ್ಟಿ ಮರದ ತುಂಡು, ಅದಕ್ಕೊಂದು ಕಬ್ಬಿಣದ ಬಳೆ, ಅದೇ ನಮ್ಮ ಕೊಂಡಿ. ಬಲಗಡೆ ಆರು, ಎಡಗಡೆ ಆರು. ಮರಕ್ಕೆ ಮರ ತಾಗಿ ಅಂಟು ಕುಡಿದರೆ ಮರ ಸೀಳೀತೇ ಹೊರತು ಕೊಂಡಿ ಬಿಡುವುದಿಲ್ಲ. ಮರಕ್ಕೆ ಮರ ತಾಗಬೇಕು, ಅಷ್ಟೇ. ಬಣ್ಣದ ಮೇಲೆ ಅಂಟಿಸಿದರೆ ಅಂಟು ಹಿಡಿಯುವುದು ಬಣ್ಣವನ್ನು. ಬಣ್ಣ ಎಷ್ಟು ದಿನ ಮರವನ್ನು ಹಿಡಿದಿರುತ್ತದೋ ಅಷ್ಟೇ ಅದರ ಆಯಸ್ಸು.

ಆದರೆ ದೋಣಿಯ ಒಳಗೆಲ್ಲ ಅಕ್ಕನ ನೀಲಿ ಬಣ್ಣ ಆಗಲೇ ಆಗಿತ್ತು. ಮೂರು ಕೋಟು, ಅಂಗಾತ ಮಲಗಿ, ಮೂಗಿನ ತುದಿಗೆಲ್ಲ ನೀಲಿ ಮಾಡಿಕೊಂಡು ಬಳಿದಿದ್ದಳು. ಬಲಗಡೆ ಆರು ಕಡೆ ನಾನು ಅದನ್ನು ಉಳಿಯಿಂದ ಕೆರೆದು, ಪಾಲಿಶ್ ಪೇಪರಿನಲ್ಲಿ ಉಜ್ಜಿ, ಬಿಳಿ ಮರ ಕಾಣುವ ತನಕ ಬಿಡಲಿಲ್ಲ. ಅಕ್ಕ ನೋಡಿ, "ಅಯ್ಯೋ, ಇಷ್ಟು ಕಷ್ಟಪಟ್ಟು ಬಳ್ದಿದ್ದನ್ನೆಲ್ಲ ಕೆರೀತಿದ್ದೀಯಲ್ಲೋ" ಎಂದಳು. ಎಡಗಡೆ ನಾನು ಕೆರೆಯಲಿಲ್ಲ. ಬಣ್ಣದ ಮೇಲೇ ಅಂಟು ಮೆತ್ತಿ ಆರನ್ನೂ ಕೂರಿಸಿಬಿಟ್ಟೆ.

ಅಕ್ಕನ ಮಾತಿಗೆ ಸೋತು ಹಾಗೆ ಮಾಡಿದೆ ಎಂದು ಬರೆದರೆ ನೀವು ನಂಬುತ್ತೀರಿ. ಇಷ್ಟು ದಿನ ನನಗೂ ಅದನ್ನೇ ಹೇಳಿಕೊಂಡೆ. ನಿಜ ಅದಲ್ಲ. ಬಲಗಡೆಯ ಕೆಲಸ ಮುಗಿಸಿ ನಾವು ಲಾಂಚಿನ ಕಟ್ಟೆಯ ಹತ್ತಿರ ಹೋಗಿದ್ದು ನೆನಪಿದೆಯಾ. ಅಲ್ಲಿ ಹತ್ತು ಜನರ ಮುಂದೆ ನೀವು ನನ್ನ ಹೆಗಲ ಮೇಲೆ ಕೈಹಾಕಿ, "ಇವನು ಬೆಂಚು ಮಾಡೋನು. ಬೆಂಚು ಎಲ್ಲಿಗೂ ಹೋಗಲ್ಲ ನೋಡಿ, ಅದಕ್ಕೆ ಇವನಿಗೆ ಎಲ್ಲದಕ್ಕೂ ತೂತು ಕೊರೆಯೋದೊಂದೇ ಗೊತ್ತು" ಎಂದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇಪ್ಪತ್ತು ವರ್ಷದಿಂದ ನೀವು ನನ್ನ ಕಾಲೆಳೆಯುತ್ತ ಬಂದಿದ್ದೀರಿ, ಅದಕ್ಕಿಂತ ದೊಡ್ಡ ಮಾತುಗಳನ್ನು ನುಂಗಿ ನೀರು ಕುಡಿದಿದ್ದೇನೆ. ಅವತ್ತಿನದನ್ನು ಮಾತ್ರ ನುಂಗಲಾಗಲಿಲ್ಲ. ಶೆಡ್ಡಿಗೆ ವಾಪಸು ಬಂದು ಉಳಿ ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಇವರಿಗೆ ಇಷ್ಟು ಸಾಕು ಎಂದು ಅನ್ನಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಇವರಿಗೆ ಎಂದುಕೊಂಡೆ ಭಾವ, ದೋಣಿಯಲ್ಲಿ ಯಾರು ಕೂರುತ್ತಾರೆಂದು ಯೋಚಿಸಲಿಲ್ಲ.

ಮಾರನೇ ದಿನ ನೀವು ಪರೀಕ್ಷೆ ಮಾಡಲು ಬಂದಿರಿ. ಬಲಗಡೆಯ ಒಂದೊಂದು ಬಳೆಗೂ ಹಗ್ಗ ಹಾಕಿ, ಕಾಲು ಕೊಟ್ಟು ಜಗ್ಗಿದಿರಿ. ಜಗ್ಗಿ ಜಗ್ಗಿ ಬೆವರಿದಿರಿ. "ಪರವಾಗಿಲ್ಲ ಕಣೋ ಬೆಂಚು" ಎಂದಿರಿ. ಆಮೇಲೆ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಎಡಗಡೆಗೆ ತಿರುಗಿದಿರಿ. ಆಗ ನಾನು, "ಟೀ ಆರಿಹೋಗುತ್ತೆ ಬನ್ನಿ ಭಾವ, ಅದೂ ಹಂಗೇ ಇದೆ" ಎಂದೆ. ನೀವು ಹಗ್ಗ ಅಲ್ಲೇ ಬಿಟ್ಟು ಬಂದಿರಿ. ನನ್ನ ಮಾತನ್ನು ಒಂದು ಚೂರೂ ಅನುಮಾನಿಸದೆ ಬಂದು, ಟೀ ಕುಡಿದು, ಬಲಗಡೆಯ ಕೊಂಡಿಗಳನ್ನು ಹೊಗಳಿದಿರಿ.

ಆ ದಿನ ಬಳೆ ಕೂರಿಸಿದ ಒಂದು ತುಂಡು ಹೆಚ್ಚಾಗಿ ಉಳಿದಿತ್ತು. ಮಿಕ್ಕ ನೀಲಿಯನ್ನು ಅಕ್ಕ ಮೂರು ಕೋಟು ಬಳಿದಿದ್ದ ಹಲಗೆಯೊಂದು ಇಲ್ಲಿ ಗೋಡೆಯ ಮೇಲೆ ಇತ್ತಲ್ಲ, ಅದರ ಮೇಲೆ, ಬಣ್ಣ ಕೆರೆಯದೆ, ಅದೇ ಡಬ್ಬಿಯ ಅಂಟಿನಿಂದ ಅದನ್ನೂ ಅಂಟಿಸಿದೆ. ಅಂಟು ಗಟ್ಟಿಯಾದ ಮೇಲೆ ನನ್ನ ಹತಾರಗಳ ಚೀಲವನ್ನು ಅದಕ್ಕೆ ನೇತುಹಾಕಿದೆ. ನನ್ನ ಮನಸ್ಸಿನ ಸಮಾಧಾನಕ್ಕೆ. ದಿನಾ ಬೆಳಿಗ್ಗೆ ಬಂದು ಮೊದಲು ಅದನ್ನು ನೋಡುತ್ತಿದ್ದೆ. ಹದಿನೆಂಟು ದಿನ ಅದು ಅಲುಗಲಿಲ್ಲ. ನೋಡು, ಸುಮ್ಮನೆ ಹೆದರಿದ್ದೆ, ಬಣ್ಣದ ಮೇಲೂ ನಿಲ್ಲುತ್ತದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಇವತ್ತು ಬೆಳಿಗ್ಗೆ ಶಾಲೆಯ ಬೆಂಚೊಂದಕ್ಕೆ ಕಾಲು ಹೊಡೆಯುತ್ತಿದ್ದೆ. ಸುತ್ತಿಗೆಯ ನಾಲ್ಕನೆಯ ಏಟಿಗೋ ಐದನೆಯದಕ್ಕೋ ಬೆನ್ನ ಹಿಂದೆ ಚೀಲ ನೆಲಕ್ಕೆ ಬಿತ್ತು. ಬಳೆ ಬಾಗಿರಲಿಲ್ಲ, ಮರ ಸೀಳಿರಲಿಲ್ಲ. ತುಂಡನ್ನು ಎತ್ತಿ ತಿರುಗಿಸಿ ನೋಡಿದರೆ ಬೆನ್ನಿಗೆ ಅಕ್ಕನ ನೀಲಿ ಬಣ್ಣ ಒಂದು ಗೆರೆಯೂ ಕೆಡದಂತೆ ಅಂಟಿಕೊಂಡು ಬಂದಿತ್ತು, ಮೂರೂ ಕೋಟು. ಹಲಗೆಯ ಮೇಲೆ ಅದೇ ಅಳತೆಯ ಬಿಳಿ ಮರ. ಭಾರಕ್ಕೆ ಬಿದ್ದದ್ದಲ್ಲ ಭಾವ, ಅದುರುವಿಕೆಗೆ ಬಿದ್ದದ್ದು. ನಿಮ್ಮ ಎಂಜಿನ್ ಎರಡು ತಾಸು ಒಂದೇ ಸಮನೆ ಅದುರುತ್ತದೆ. ಸುತ್ತಿಗೆ ಅಲ್ಲೇ ಬಿಟ್ಟು ನಿಮಗೆ ಮೊದಲ ಫೋನ್ ಮಾಡಿದೆ.

ಕಾಗದದ ಮೇಲೆ ಇಟ್ಟಿರುವುದು ಇದೇ ತುಂಡು. ಜೊತೆಯಲ್ಲಿ ಕಳಿಸುತ್ತೇನೆ. ನನ್ನ ಮಾತು ನಂಬಬೇಡಿ, ಅದನ್ನು ತಿರುಗಿಸಿ ನೋಡಿ.

ಇನ್ನೊಂದು ಮಾತು ಉಳಿದಿದೆ, ಅದನ್ನು ಬರೆಯಲಿಕ್ಕೇ ಇಷ್ಟು ಸುತ್ತು ಬಳಸಿದೆ. ನೀವು ಹೊರಡುವ ಬೆಳಿಗ್ಗೆ ನಿಮ್ಮ ಕಟ್ಟಳೆಯನ್ನು ಮತ್ತೆ ಹೇಳಿದಿರಿ. "ವಾಪಸು ಬರೋವಾಗ ಮುಂದಿನ ಹಲಗೆ ನಿಂದು ಕಣೋ. ಕೊಂಡಿ ಕೂರಿಸಿದವನು ಮಶೀನಿನ ಮುಂದೆ ಕೂರಬೇಕು." ಅದನ್ನು ಕೇಳಿದ ಕೂಡಲೇ ಆ ಚಿತ್ರ ಕಣ್ಣಮುಂದೆ ಬಂತು. ಮುನ್ನೂರು ಕಿಲೋ ಕಬ್ಬಿಣಕ್ಕೆ ಬೆನ್ನು ಕೊಟ್ಟು, ಆ ಕಂಡಿಯಲ್ಲಿ, ನಾನು. ಆಮೇಲೆ ಐದು ನಿಮಿಷಕ್ಕೆ ನಮ್ಮ ಜಗಳವಾಯಿತು. ಕಟ್ಟೆಯ ಮೇಲೆ ನೀವು ಆಡಿದ ಆ ಹಳೆಯ ಮಾತನ್ನು ಎತ್ತಿ ಆಡಿ, ನಿಮ್ಮ ದೋಣಿಗೆ ಕಾಲಿಡುವುದಿಲ್ಲ ಎಂದು ಕಿರುಚಿ, ಮುಖ ಊದಿಸಿಕೊಂಡು ಹೊರಟುಹೋದೆನಲ್ಲ. ನಿಮಗೆ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಪಾಪ, ಕ್ಷಮಿಸು ಮಾರಾಯ ಎಂದು ಹಿಂದೆಯೇ ಬಂದಿರಿ. ಅದು ಸಿಟ್ಟಲ್ಲ ಭಾವ. ಹೆದರಿಕೆ. ಆ ಹಲಗೆಯಿಂದ ತಪ್ಪಿಸಿಕೊಳ್ಳಲು ಬೇಕೆಂದೇ ತೆಗೆದ ಜಗಳ.

ತಪ್ಪಿಸಿಕೊಂಡೆ ಕೂಡ. ಹಿಂದಿನಿಂದ ಅಕ್ಕ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಹೋಗ್ಲಿ ಬಿಡಿ, ಅವನ ಬದಲು ನಾನು ಕೂತ್ಕೋತೀನಿ. ಅವನು ಮಾಡಿದ್ದಕ್ಕೆ ನಾನಿಲ್ವಾ." ಆ ಮಾತು ಕೇಳಿಯೂ ನಾನು ತಿರುಗಲಿಲ್ಲ. ಮನೆಗೆ ಹೋಗಿ ಊಟ ಮಾಡಿದೆ.

ಅಪ್ಪ ಅಮ್ಮ ಇಲ್ಲದ ಮನೆಯಿಂದ ನೀವು ಅಕ್ಕನನ್ನು ಮದುವೆಯಾಗಿ ಕರೆದುಕೊಂಡು ಬಂದಾಗ ಅವಳ ಟ್ರಂಕಿನ ಜೊತೆ ನನ್ನನ್ನೂ ಇಳಿಸಿಕೊಂಡಿರಿ. ಟ್ರಂಕನ್ನಾದರೂ ಅಟ್ಟದ ಮೇಲೆ ಹಾಕಿದಿರಿ, ನನ್ನನ್ನು ಮಾತ್ರ ನಿಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣಿಸಿದಿರಿ. ಹಂಗಿನ ಮಾತು ಒಂದು ದಿನ ನಿಮ್ಮ ಬಾಯಿಂದ ಬರಲಿಲ್ಲ. ಅದನ್ನೆಲ್ಲ ನಿಮಗೆ ಎದುರಿಗೆ ಹೇಳಿದರೆ ತಮಾಷೆ ಮಾಡುತ್ತೀರಿ ಎಂದು ಹೇಳಲೇ ಇಲ್ಲ. ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿ ಇದೆ ಎಂದು ಈಗ ಬರೆಯಲು ನನಗೆ ಹಕ್ಕಿದೆಯೋ ಇಲ್ಲವೋ. ಇದೆ ಎಂದೇ ಬರೆಯುತ್ತಿದ್ದೇನೆ.

ಈಗ ಮಾಡಬೇಕಾದ್ದನ್ನು ಕೇಳಿ. ಎಡಗಡೆಯ ಕೊಂಡಿಗಳು ಒಂದೊಂದಾಗಿ ಬಿಡುವುದಿಲ್ಲ. ಒಂದು ಬಿಟ್ಟರೆ ಅದರ ಭಾರ ಪಕ್ಕದ್ದಕ್ಕೆ ಬಿದ್ದು ಆರೂ ಒಟ್ಟಿಗೆ ಬರುತ್ತವೆ. ಎಡದಿಂದ ಬಲಕ್ಕೆ ಹಾಯ್ದ ಹಗ್ಗ ಒಂದು ಕಡೆ ಬಿಟ್ಟರೆ ಬಲಗಡೆಯ ಆರು ಇದ್ದೂ ಇಲ್ಲದ ಹಾಗೆ. ಅದು ಅಲೆ ಇಳಿಯುವಾಗ, ಮೂಗು ಕೆಳಗಾದಾಗ ಆಗುತ್ತದೆ. ಆಗ ಮಶೀನು ಮುಂದಕ್ಕಲ್ಲದೆ ಎಲ್ಲಿಗೂ ಹೋಗುವುದಿಲ್ಲ. ಮುಂದೆ ಅಕ್ಕ ಇದ್ದಾಳೆ. ಮಶೀನು ಇಳಿಸಲು ಆಗಲೇ ಇಲ್ಲವಾದರೆ ಕೊಂಡಿಗಳನ್ನು ಮರೆತುಬಿಡಿ, ಕೂರುವ ಅಡ್ಡ ಹಲಗೆಗಳ ಅಡಿಯಿಂದ ಹಗ್ಗ ತಂದು ಮಶೀನಿಗೆ ನಾಲ್ಕು ಸುತ್ತು ಸುತ್ತಿ. ಅಕ್ಕನನ್ನು ಹಿಂದೆ, ಎಂಜಿನ್ನಿನ ಹತ್ತಿರ, ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ಗಾಳಿ ನಿಂತಿತೆಂದು ಅಲೆಯೂ ನಿಂತಿರುತ್ತದೆ ಎಂದುಕೊಳ್ಳಬೇಡಿ. ಆ ಕಂಡಿಯಲ್ಲಿ ಗಾಳಿ ನಿಂತು ಅರ್ಧ ದಿನವಾದರೂ ನೀರು ಏಳುತ್ತಲೇ ಇರುತ್ತದೆ. ಇಷ್ಟನ್ನು ಮಾಡಿ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಿ.

ಇಲ್ಲಿಗೆ ಮುಗಿಸಿ, ಕಾಗದ ಮಡಿಸೋಣವೆಂದು ಮೇಲಿನ ತುಂಡನ್ನು ಎತ್ತಿದೆ. ಕಾಗದ ಹಾರಲಿಲ್ಲ.

ತಗಡಿನ ಸದ್ದು ಯಾವಾಗ ನಿಂತಿತೋ ನನಗೆ ಗೊತ್ತಿಲ್ಲ. ನನ್ನ ತಪ್ಪುಗಳನ್ನು ಒಪ್ಪವಾಗಿ ಜೋಡಿಸಿ ಬರೆಯುತ್ತ ಕೂತಿದ್ದೆ. ಎದ್ದು ಬಾಗಿಲಿಗೆ ಹೋಗಿ ನೋಡಿದೆ, ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳು ನೇರವಾಗಿ ಇಳಿಬಿದ್ದಿವೆ. ಗಂಟೆ ಮೂರೂ ಇಪ್ಪತ್ತು. ಸದ್ದನ್ನು ಕೊನೆಯ ಸಲ ಕೇಳಿದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಅರ್ಧ ಗಂಟೆಯಾಗಿರಬಹುದು, ಒಂದು ಗಂಟೆಯೂ ಆಗಿರಬಹುದು.

ಈ ಕಾಗದವನ್ನು ಇನ್ನು ಲಾಂಚಿನವನ ಕೈಗೆ ಕೊಡುವುದಿಲ್ಲ, ನಾನೇ ಹೊರಟೆ. ಡ್ರಿಲ್, ಬೋಲ್ಟ್, ವಾಷರ್ ಎಲ್ಲ ಚೀಲಕ್ಕೆ ಹಾಕಿದ್ದೇನೆ. ನಾಲ್ಕರವರೆಗೆ ಕಾಯದೆ ಈಗಲೇ ಬಿಡು ಎಂದು ಅವನ ಕಾಲು ಹಿಡಿಯುತ್ತೇನೆ. ನೀವು ಹೊರಟಿದ್ದರೆ ನಡುನೀರಿನಲ್ಲಿ ಎದುರಾಗುತ್ತೀರಿ. ನಾನು ಲಾಂಚಿನ ತುದಿಯಲ್ಲಿ ನಿಂತು ಈ ತುಂಡಿನ ನೀಲಿ ಬೆನ್ನನ್ನು ನಿಮಗೆ ಕಾಣುವಂತೆ ಎತ್ತಿ ಹಿಡಿಯುತ್ತೇನೆ, ಗಂಟಲು ಹರಿಯುವ ಹಾಗೆ ಕೂಗುತ್ತೇನೆ. ಎಂಜಿನ್ ಸದ್ದಿನಲ್ಲಿ ನಿಮಗೆ ಅದು ಕೇಳುವುದಿಲ್ಲ. ನಾನು ಎತ್ತಿ ಹಿಡಿದಿರುವುದು ಏನೆಂದೂ ನಿಮಗೆ ಗೊತ್ತಾಗುವುದಿಲ್ಲ, ಯಾಕೆಂದರೆ ಈ ಕಾಗದವನ್ನು ನೀವಿನ್ನೂ ಓದಿರುವುದಿಲ್ಲ. ಸಿಟ್ಟು ಇಳಿದು ರಾಜಿಯಾಗಲು ಬಂದಿದ್ದಾನೆ ಎಂದುಕೊಳ್ಳುತ್ತೀರಿ. ಅಕ್ಕ ನನ್ನನ್ನು ಕಂಡರೆ ಕೂತಿರುವವಳಲ್ಲ. ಆ ಹಲಗೆಯ ಮೇಲೆ, ಮಶೀನಿಗೆ ಬೆನ್ನು ಮಾಡಿ ಎದ್ದು ನಿಂತು ಎರಡೂ ಕೈ ಬೀಸುತ್ತಾಳೆ.

ನೀವಿಬ್ಬರೂ ಇನ್ನೂ ದಡದಲ್ಲೇ ಇರುವಂತಾಗಲಿ. ಮಶೀನಿಗೆ ಇನ್ನೊಂದು ಗಂಟು ಬೇಕೋ ಬೇಡವೋ ಎಂದು ಜಗಳವಾಡುತ್ತ ಕೂತಿರಿ. ಆ ಜಗಳ ನಾನು ಬಂದು ಮುಟ್ಟುವ ತನಕ ಮುಗಿಯದಿರಲಿ.

ಇಂತಿ,
ಮುಂದಿನ ಹಲಗೆಯ ಮೇಲೆ ಕೂರಬೇಕಾಗಿದ್ದ
ನಿಮ್ಮ ಬೆಂಚು